ಮಿರ್ಡಾಲರ ಮನೆಯ ತೊಟ್ಟಿಲು

"ಮತ್ತೆ, ಏನಾದ್ರೂ ವಿಶೇಷ ಇದೆಯಾ?" ಊರಿನಿಂದ ಫೋನಿನಲ್ಲಿ ಈ ಪ್ರಶ್ನೆ ಬಂತೆಂದರೆ ಅದರ ಅರ್ಥವೇನೆಂದು ಮದುವೆಯಾದ ಯಾವ ಕನ್ನಡಿಗರಿಗೂ ಬಿಡಿಸಿ ಹೇಳಬೇಕಾಗಿಲ್ಲ. 'ವಿಶೇಷ' ಎಂಬ ಸಾಧು ಪದಕ್ಕೆ ನಾವು ಇಂಥದೊಂದು ಗುಟ್ಟಿನ ಅರ್ಥ ಕೊಟ್ಟುಕೊಂಡಿದ್ದೇವೆ. 1930ರ ದಶಕದ ಸ್ವೀಡನ್ನಿನ ಜನ ನಮಗಿಂತ ಒಂದು ಹೆಜ್ಜೆ ಮುಂದೆ ಹೋದರು. ಒಂದು ದಂಪತಿಯ ಮನೆತನದ ಹೆಸರನ್ನೇ ಹಿಡಿದು ಕ್ರಿಯಾಪದ ಮಾಡಿಬಿಟ್ಟರು! 'ಮಿರ್ಡಾಲಿಸುವುದು' ಎಂದರೆ ಮಕ್ಕಳಾಗುವ ಕೆಲಸದಲ್ಲಿ ತೊಡಗುವುದು ಎಂದರ್ಥ. ಇಬ್ಬರು ಒತ್ತಿ ಕೂರುವಂಥ ಸೋಫಾಗೆ 'ಮಿರ್ಡಾಲ್ ಸೋಫಾ' ಎಂಬ ಹೆಸರೂ ಹುಟ್ಟಿತು.

ಹೀಗೆ ನಗೆಪಾಟಲಿಗೂ ಖ್ಯಾತಿಗೂ ಒಟ್ಟಿಗೆ ಗುರಿಯಾದವರು ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್. ಭಾರತದವರಿಗೆ ಈ ಹೆಸರುಗಳು ಅಪರಿಚಿತವಲ್ಲ. ಅರ್ಥಶಾಸ್ತ್ರ ಓದಿದವರು ಗುನ್ನಾರ್ ಅವರ 'ಏಷ್ಯನ್ ಡ್ರಾಮಾ'ದ (1968) ದಪ್ಪ ಸಂಪುಟಗಳನ್ನು ಗ್ರಂಥಾಲಯದ ಕಪಾಟಿನಲ್ಲಾದರೂ ನೋಡಿರುತ್ತಾರೆ. ಆಲ್ವಾ 1955ರಿಂದ 1961ರವರೆಗೆ ದೆಹಲಿಯಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಗಂಡನಿಗೆ 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಹೆಂಡತಿಗೆ 1982ರಲ್ಲಿ ಶಾಂತಿಯ ನೊಬೆಲ್. ಆದರೆ ನಾನು ಹೇಳಹೊರಟಿರುವುದು ಅವರ ಪದಕಗಳ ಕಥೆಯನ್ನಲ್ಲ, ಅವರ ಮನೆಯ ಕಥೆಯನ್ನು. ಯೌವನದಲ್ಲಿರುವ ಒಂದು ಜೀವಕ್ಕೆ 'ನನಗೂ ಮಕ್ಕಳು ಬೇಕು' ಅನ್ನಿಸುವುದು, ಅಥವಾ ಅನ್ನಿಸದೇ ಇರುವುದು, ಎಲ್ಲಿ ಶುರುವಾಗುತ್ತದೆ? ಈ ಪ್ರಶ್ನೆಗೆ ಒಂದು ದೇಶದ ಸರ್ಕಾರ ಉತ್ತರ ಹುಡುಕಿದ್ದಕ್ಕೆ ಸ್ವೀಡನ್ನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಉತ್ತರ ಬರೆದವರ ಮನೆಯಲ್ಲೇ ಅದರ ಪರೀಕ್ಷೆಯೂ ನಡೆದುಹೋಯಿತು ಎನ್ನುವುದು ಇತಿಹಾಸದ ಚೋದ್ಯ.

1934ರ ನವೆಂಬರಿನಲ್ಲಿ ಗಂಡ ಹೆಂಡತಿ ಸೇರಿ ಬರೆದ ಪುಸ್ತಕವೊಂದು ಹೊರಬಂತು. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಜನಸಂಖ್ಯಾ ಪ್ರಶ್ನೆಯಲ್ಲಿ ಬಿಕ್ಕಟ್ಟು'. ಗುನ್ನಾರರಿಗೆ ಆಗ ಇನ್ನೂ 36 ತುಂಬಿರಲಿಲ್ಲ, ಆಲ್ವಾಗೆ 32. ಪುಸ್ತಕ ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ, ಡಿಸೆಂಬರ್ 2ರಂದು, ಅವರ ಮಗಳು ಸಿಸ್ಸೆಲಾ ಹುಟ್ಟಿದಳು. ಪುಸ್ತಕದ ಜಾಹೀರಾತಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಆಗಿನವರು ಖಂಡಿತ ನಕ್ಕಿರಬೇಕು.

ಬಿಕ್ಕಟ್ಟು ಏನೆಂದರೆ, ಸ್ವೀಡಿಷ್ ಹೆಂಗಸೊಬ್ಬಳು ಸರಾಸರಿ ಹೆರುವ ಮಕ್ಕಳ ಸಂಖ್ಯೆ ಸುಮಾರು 1.7ಕ್ಕೆ ಇಳಿದಿತ್ತು. ಒಂದು ತಲೆಮಾರು ತನ್ನ ಜಾಗವನ್ನು ತುಂಬಿಕೊಳ್ಳಲು ಎರಡಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಯುರೋಪಿನಲ್ಲೇ ಅತಿ ಕಡಿಮೆ ಜನನ ಪ್ರಮಾಣದ ದೇಶಗಳ ಸಾಲಿನಲ್ಲಿ ಸ್ವೀಡನ್ ಇತ್ತು. ಆ 1.7 ಎಂಬ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಅಂಕಿಯೂ ಅದೇ: 1.7. ಅಷ್ಟಪುತ್ರವತಿಯಾಗೆಂದು ಹರಸುವ ನಾಡು, 'ಮಕ್ಕಳಿರಲವ್ವ ಮನೆ ತುಂಬ' ಎನ್ನುವ ನಾಡು, ಸದ್ದಿಲ್ಲದೆ ಮಿರ್ಡಾಲರ ಸ್ವೀಡನ್ ನಿಂತಿದ್ದ ಮೆಟ್ಟಿಲಿಗೆ ಬಂದು ನಿಂತಿದೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿಗಳೂ ತಮಿಳುನಾಡಿನ ಮುಖ್ಯಮಂತ್ರಿಗಳೂ ಹೆಚ್ಚು ಮಕ್ಕಳ ಮಾತೆತ್ತಿದ್ದನ್ನು ನೀವು ಓದಿರಬಹುದು. ಹಾಗಾಗಿ ಈ ಹಳೆಯ ಕಥೆ ನಮಗೂ ಅಷ್ಟೇನೂ ದೂರದ್ದಲ್ಲ.

ಸ್ವೀಡನ್ನಿನ ಸಂಪ್ರದಾಯಸ್ಥರ ಬಳಿ ಇದಕ್ಕೊಂದು ಹಳೆಯ ಮದ್ದಿತ್ತು. ಮಕ್ಕಳಾಗದಂತೆ ತಡೆಯುವ ಸಾಧನಗಳ ಪ್ರಚಾರವನ್ನು 1910ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದರು. ಆ ವರ್ಷ ಹಿಂಕೆ ಬೆರ್ಗೆಗ್ರೆನ್ ಎಂಬ ಸಮಾಜವಾದಿ 'ಮಕ್ಕಳಿಲ್ಲದ ಪ್ರೀತಿ' ಎಂಬ ಭಾಷಣ ಮಾಡಿ ಜೈಲಿಗೆ ಹೋದ. ಕಾನೂನಿಗೆ ಅವನ ಹೆಸರೇ ಅಂಟಿಕೊಂಡಿತು. ಎಡಪಕ್ಷದವರಿಗೋ ಜನಸಂಖ್ಯೆ ಹೆಚ್ಚಿಸುವ ಮಾತೆಂದರೆ ಪಾದ್ರಿಗಳ, ಸೇನಾಧಿಕಾರಿಗಳ ಮಾತು. ಮಿರ್ಡಾಲ್ ದಂಪತಿ ಈ ಎರಡು ಗುಂಪುಗಳ ನಡುವೆ ಹೊಸ ದಾರಿ ಕಡಿದರು. ಜನ ಮಕ್ಕಳನ್ನು ಹೆರದಿರುವುದಕ್ಕೆ ಸ್ವಾರ್ಥ ಕಾರಣವಲ್ಲ. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಬದುಕುವ ಕುಟುಂಬಕ್ಕೆ ಪ್ರತಿ ಮಗುವೂ ಬಡತನದ ಕಡೆಗೆ ಇನ್ನೊಂದು ಹೆಜ್ಜೆ. ಆದ್ದರಿಂದ ಮಗುವಿನ ಖರ್ಚನ್ನು ಇಡೀ ಸಮಾಜ ಹಂಚಿಕೊಳ್ಳಬೇಕು. ಗರ್ಭನಿರೋಧಕವನ್ನು ತಡೆಯಬಾರದು, ಹುಟ್ಟುವ ಮಗು ಬೇಕೆಂದು ಹುಟ್ಟಬೇಕು. ಇದು ಅವರ ವಾದದ ತಿರುಳು.

ಪ್ರಧಾನಿ ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲೇ ದೇಶವೆಂದರೆ 'ಜನರ ಮನೆ'ಯಾಗಬೇಕು ಎಂಬ ಮಾತು ಆಡಿದ್ದರು. ಒಳ್ಳೆಯ ಮನೆಯಲ್ಲಿ ಮುದ್ದಿನ ಮಕ್ಕಳು, ಮಲಮಕ್ಕಳು ಎಂಬ ಭೇದವಿರುವುದಿಲ್ಲ ಎನ್ನುವುದು ಅದರ ಆಶಯ. ರಾಜ್ಯವೇ ಮನೆ ಎನ್ನುವವರಿಗೆ ತೊಟ್ಟಿಲಿನ ಚಿಂತೆಯೂ ತಮ್ಮದೇ ಅನ್ನಿಸಿದ್ದು ಸಹಜ. 1935ರಲ್ಲಿ ಜನಸಂಖ್ಯಾ ಆಯೋಗ ಬಂತು. ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ಕಡಿಮೆ ಬಾಡಿಗೆಯ ವಸತಿ, ಬಹುಪಾಲು ತಾಯಂದಿರಿಗೆ ಹೆರಿಗೆ ಭತ್ಯೆ, ಮನೆ ಹೂಡಲು ಮದುವೆ ಸಾಲ ಬಂದವು. 1938ರಲ್ಲಿ ಗರ್ಭನಿರೋಧಕಗಳ ಮೇಲಿನ ಹಳೆಯ ನಿಷೇಧ ಹೋಯಿತು. 1939ರಲ್ಲಿ, ಮದುವೆಯಾದಳೆಂದೋ ಬಸುರಿಯಾದಳೆಂದೋ ಹೆಂಗಸನ್ನು ಕೆಲಸದಿಂದ ತೆಗೆಯಬಾರದು ಎಂಬ ಕಾನೂನು. 1948ರಿಂದ ಬಡವ ಬಲ್ಲಿದ ಎನ್ನದೆ ಪ್ರತಿ ಮಗುವಿಗೂ ಭತ್ಯೆ. ಜನನ ಪ್ರಮಾಣ ಏರಿತೇ? ಏರಿತು, 1945ರ ಹೊತ್ತಿಗೆ 2.6ರ ಸುಮಾರಿಗೆ ಬಂತು. ಆದರೆ ಯುದ್ಧಕಾಲದಲ್ಲಿ, ಯುದ್ಧಾನಂತರದಲ್ಲಿ ಇಂಥ ಯಾವ ಆಯೋಗವೂ ಇಲ್ಲದ ದೇಶಗಳಲ್ಲೂ ಏರಿತು. ಮಿರ್ಡಾಲರ ಪಾಲೆಷ್ಟು ಎಂದು ಬೇರೆ ಮಾಡಿ ತೂಗುವುದು ಕಷ್ಟ.

ಈ ಮನೆಗೊಂದು ಕತ್ತಲ ಕೋಣೆಯೂ ಇತ್ತು. ಎಲ್ಲರ ಮಗುವಿನಾಸೆಯನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಪುಸ್ತಕ ಬಂದ ಅದೇ 1934ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನು ಬಂತು, 1941ರಲ್ಲಿ ಅದನ್ನು ಇನ್ನಷ್ಟು ಹಿಗ್ಗಿಸಿದರು. ಮಕ್ಕಳನ್ನು ಸಾಕಲು 'ತಕ್ಕವರಲ್ಲ' ಎನ್ನಿಸಿಕೊಂಡವರು ಹೆರಬಾರದು ಎಂಬ ಈ ವಿಚಾರವನ್ನು ಮಿರ್ಡಾಲರೂ ಬೆಂಬಲಿಸಿದ್ದರು. 1975ರವರೆಗೆ ಸುಮಾರು 63,000 ಮಂದಿಗೆ ಈ ಶಸ್ತ್ರಚಿಕಿತ್ಸೆ ಆಯಿತು, ಬಹುಪಾಲು ಹೆಂಗಸರಿಗೆ. ಎಲ್ಲವೂ ಬಲವಂತದವಲ್ಲ, ಆದರೆ ಬಲವಂತದವೂ ಒತ್ತಡದವೂ ಸಾವಿರಾರು. 1997ರಲ್ಲಿ ಪತ್ರಕರ್ತ ಮಾಚೆಯ್ ಜರೆಂಬಾ 'ದಾಗೆನ್ಸ್ ನ್ಯೂಹೆಟರ್' ಪತ್ರಿಕೆಯಲ್ಲಿ ಸರಣಿ ಲೇಖನ ಬರೆದ ಮೇಲೆ ದೇಶ ಬೆಚ್ಚಿತು. 1999ರಲ್ಲಿ ಬಲಿಯಾದವರಿಗೆ ತಲಾ 1,75,000 ಕ್ರೋನರ್ ಪರಿಹಾರ ಎಂದಾಯಿತು. 'ಸಂಜಯನ ಕಾಲ'ದ ನೆನಪಿರುವ ನಾವು ಇದನ್ನು ಕೇಳಿ ಸ್ವೀಡನ್ನಿನವರ ಕಡೆಗೆ ಬೆರಳು ತೋರಿಸುವ ಹಾಗಿಲ್ಲ. 1976–77ರ ಒಂದೇ ವರ್ಷದಲ್ಲಿ ಭಾರತದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು.

ಇಷ್ಟು ಸರ್ಕಾರದ ಕಥೆ. ಆದರೆ ಸರ್ಕಾರದ ಕಾಗದಗಳನ್ನು ಬರೆದ ಕೈಗಳು ಎಲ್ಲಿ ಬೆಳೆದವು ಎಂದು ನೋಡಿದರೆ ಬೇರೆಯೇ ಕಥೆ ಸಿಗುತ್ತದೆ. ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲಿ.

ಆಲ್ವಾ ಹುಟ್ಟಿದ್ದು 1902ರಲ್ಲಿ, ಉಪ್ಸಾಲಾದಲ್ಲಿ. ಐವರು ಮಕ್ಕಳಲ್ಲಿ ಹಿರಿಯಳು. ತಂದೆ ಸಮಾಜವಾದಿ, ಸಹಕಾರ ಚಳವಳಿಯ ಮನುಷ್ಯ. ತಾಯಿಗೆ ಕ್ಷಯದ ಭಯ, ರೋಗಾಣುಗಳ ಭಯ. ಗ್ರಂಥಾಲಯದ ಪುಸ್ತಕ ಹತ್ತಾರು ಕೈ ದಾಟಿ ಬರುತ್ತದೆಂದು ಮನೆಯೊಳಗೆ ತರಲು ಬಿಡುತ್ತಿರಲಿಲ್ಲವಂತೆ. ಓದಿನ ಹುಚ್ಚಿನ ಹುಡುಗಿಗೆ ಇದು ಎಂಥ ಶಿಕ್ಷೆ ಎಂದು ಯೋಚಿಸಿ. ಎಸ್ಕಿಲ್ಸ್ತುನಾದಲ್ಲಿ ಗಂಡುಮಕ್ಕಳ ಪ್ರೌಢಶಾಲೆಗೆ ಹುಡುಗಿಯರನ್ನು ಸೇರಿಸುತ್ತಿರಲಿಲ್ಲ. ತೆರಿಗೆ ಕಚೇರಿಯಲ್ಲಿ ಕೆಲಸ ಮಾಡಿಕೊಂಡು, ತಂದೆಯನ್ನು ಒಪ್ಪಿಸಿ, ಹುಡುಗಿಯರಿಗೆಂದೇ ಪಾಠದ ಏರ್ಪಾಡಾಗುವವರೆಗೆ ಆಕೆ ಪಟ್ಟುಬಿಡಲಿಲ್ಲ. ಮನೆಯೆಂದರೆ ಹೆಣ್ಣಿನ ಬುದ್ಧಿಗೆ ಗೋಡೆ ಕಟ್ಟುವ ಜಾಗ, ಅಲ್ಲಿ ಮಕ್ಕಳು ಉಸಿರುಗಟ್ಟುತ್ತವೆ ಎಂಬ ಪಾಠವನ್ನು ಆಲ್ವಾ ಯಾವ ವಿಶ್ವವಿದ್ಯಾಲಯದಲ್ಲೂ ಕಲಿಯಲಿಲ್ಲ. 1935ರಲ್ಲಿ ಬಂದ 'ನಗರದ ಮಕ್ಕಳು' ಎಂಬ ಪುಸ್ತಕದಲ್ಲಿ, ಪುಟ್ಟ ಫ್ಲಾಟಿನ ಒಂಟಿ ಮಗುವನ್ನು ತರಬೇತಾದ ಶಿಕ್ಷಕಿಯರಿರುವ ದೊಡ್ಡ ಶಿಶುವಿಹಾರಕ್ಕೆ ತನ್ನಿ ಎಂದು ಅವರು ವಾದಿಸಿದಾಗ ಆ ಎಸ್ಕಿಲ್ಸ್ತುನಾದ ಹುಡುಗಿಯ ದನಿ ಕೇಳಿಸುತ್ತದೆ. ಅದೇ ವರ್ಷ ಸ್ಟಾಕ್‌ಹೋಮಿನ ಕುಂಗ್ಸ್‌ಹೋಲ್ಮೆನ್‌ನಲ್ಲಿ, ಯೋನ್ ಎರಿಕ್‌ಸನ್ ಬೀದಿಯ 6ನೇ ನಂಬರಿನಲ್ಲಿ, ವಾಸ್ತುಶಿಲ್ಪಿ ಸ್ವೆನ್ ಮಾರ್ಕೇಲಿಯುಸ್ ಒಂದು ಸಾಮೂಹಿಕ ವಸತಿ ಕಟ್ಟಿದರು. ಹಿಂದಿನ ವಿಚಾರ ಆಲ್ವಾ ಅವರದೂ ಹೌದು. ಕೆಳಗೆ ಒಂದೇ ದೊಡ್ಡ ಅಡುಗೆಮನೆ, ಊಟ ಮೇಲಿನ ಫ್ಲಾಟುಗಳಿಗೆ ಪುಟ್ಟ ಲಿಫ್ಟಿನಲ್ಲಿ ಬರುತ್ತದೆ, ಮಕ್ಕಳಿಗೆ ಶಿಶುವಿಹಾರ. ಕಟ್ಟಡ ಈಗಲೂ ಇದೆ. ಸ್ಟಾಕ್‌ಹೋಮಿಗೆ ಬಂದವರು ನೊಬೆಲ್ ಔತಣದ ಸಿಟಿ ಹಾಲ್ ನೋಡಿದ ಮೇಲೆ ಅಲ್ಲೇ ಹತ್ತಿರ ನಡೆದುಹೋಗಿ ನೋಡಬಹುದು.

ಇನ್ನೊಬ್ಬರು ಎಲಿಸೆ ಓಟ್ಟೆಸನ್-ಯೆನ್ಸೆನ್. ಸ್ವೀಡನ್ನಿಗೆಲ್ಲ ಅವರು 'ಓಟ್ಟರ್'. 1886ರಲ್ಲಿ ನಾರ್ವೆಯ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದರು. ಹದಿನೆಂಟು ಮಕ್ಕಳಲ್ಲಿ ಹದಿನೇಳನೆಯವರು! ಕೊನೆಯ ತಂಗಿ ಮಾಗ್ನ್‌ಹಿಲ್ಡ್ ಮದುವೆಗೆ ಮುಂಚೆ ಬಸುರಾದಳು. ತಂದೆ ಮಾನಕ್ಕೆ ಅಂಜಿ ಅವಳನ್ನು ಡೆನ್ಮಾರ್ಕಿಗೆ ಕಳಿಸಿದ. ಮಗು ಹೇಗೆ ಹೊರಬರುತ್ತದೆ ಎಂಬುದೂ ಗೊತ್ತಿರದ ಆ ಹುಡುಗಿ ಪರದೇಶದಲ್ಲಿ ಹೆತ್ತಳು, ಮಗುವನ್ನು ಅವಳಿಂದ ಕಿತ್ತುಕೊಂಡರು, ಅವಳ ಮನಸ್ಸು ಮತ್ತೆ ಸರಿಹೋಗಲಿಲ್ಲ. ಓಟ್ಟರ್ ತಂದೆಯನ್ನು ಕ್ಷಮಿಸಲಿಲ್ಲ. ಅವರಿಗೇ 1917ರಲ್ಲಿ ಹುಟ್ಟಿದ ಗಂಡುಮಗು ಉಳಿಯಲಿಲ್ಲ. ಆಮೇಲೆ ಅವರು ಸ್ವೀಡನ್ನಿನ ಗಣಿ ಊರುಗಳನ್ನೂ ಕಾಡಿನ ಹಳ್ಳಿಗಳನ್ನೂ ಸುತ್ತಿದರು. 1910ರ ಕಾನೂನನ್ನು ಲೆಕ್ಕಿಸದೆ ಬಡ ಹೆಂಗಸರಿಗೆ ಮಕ್ಕಳ ನಡುವೆ ಅಂತರ ಇಡುವುದನ್ನು ಹೇಳಿಕೊಟ್ಟರು. 1933ರಲ್ಲಿ ಲೈಂಗಿಕ ಶಿಕ್ಷಣದ ರಾಷ್ಟ್ರೀಯ ಸಂಘ ಆರ್‌ಎಫ್‌ಎಸ್‌ಯು ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. ಬೇಡದ ಮಗುವಾಗಿ ಯಾವ ಮಗುವೂ ಹುಟ್ಟಬಾರದು ಎಂಬ ಒಂದೇ ಹಟ. ಹದಿನೆಂಟು ತೊಟ್ಟಿಲು ತೂಗಿದ ಮನೆಯೇ ಆ ಹಟವನ್ನು ಕೊಟ್ಟಿತು.

ಓಟ್ಟರ್ ಕಥೆಗೆ ನಮ್ಮ ಕಡೆಯ ಒಂದು ಎಳೆ ಬಂದು ಸೇರುತ್ತದೆ. ಗರ್ಭನಿರೋಧಕದ ಹೆಸರೆತ್ತಿದರೆ ಸ್ವೀಡನ್ನಿನಲ್ಲಿ ಇನ್ನೂ ಅಪರಾಧವಾಗಿದ್ದ ಕಾಲದಲ್ಲೇ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿಸಿತ್ತು. ಸರ್ಕಾರವೇ ಇಂಥದನ್ನು ನಡೆಸಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಇನ್ನು 1893ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ಕಾಶ್ಮೀರಿ ಪಂಡಿತ ಕುಟುಂಬದಲ್ಲಿ ಹುಟ್ಟಿ ಅಲ್ಲೇ ಬೆಳೆದ ಧನ್ವಂತಿ ಹಂಡೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಪಾಠ ಹೇಳಿ, ಮಂಗಳೂರು ಕಡೆಯ ಬೆನಗಲ್ ರಾಮರಾಯರನ್ನು ಮದುವೆಯಾದರು. (ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರಾದವರು ಅವರೇ, ಲೇಖಕಿ ಸಾಂತಾ ರಾಮರಾವ್ ಇವರ ಮಗಳು.) 1949ರಲ್ಲಿ ಧನ್ವಂತಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದರು. 1952ರಲ್ಲಿ ಅದೇ ಮುಂಬಯಿಯ ಸಮ್ಮೇಳನದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಬೀಜ ಬಿತ್ತು, ಮರುವರ್ಷ ಸ್ಟಾಕ್‌ಹೋಮಿನಲ್ಲಿ ಅದು ನೆಲೆಗೊಂಡಿತು. 1959ರಿಂದ 1963ರವರೆಗೆ ಆ ಒಕ್ಕೂಟದ ಅಧ್ಯಕ್ಷೆ ಓಟ್ಟರ್. ಅವರ ಬಳಿಕ ಆ ಕುರ್ಚಿಯಲ್ಲಿ ಕೂತವರು ಹುಬ್ಬಳ್ಳಿಯ ಧನ್ವಂತಿ ರಾಮರಾವ್. ಸ್ವೀಡನ್ ಕುಟುಂಬ ಯೋಜನೆಗೆಂದು ಮೊದಲ ಸಲ ಬೇರೊಂದು ದೇಶಕ್ಕೆ ನೆರವು ಕೊಟ್ಟದ್ದು 1958ರಲ್ಲಿ ಸಿಲೋನಿಗೆ. ಆಗ ಸಿಲೋನಿಗೂ ರಾಯಭಾರಿಯಾಗಿದ್ದವರು ನಮ್ಮ ಆಲ್ವಾ. ತಮ್ಮ ದೇಶದಲ್ಲಿ ಹೆಚ್ಚು ಮಕ್ಕಳಿಗಾಗಿ ಪುಸ್ತಕ ಬರೆದವರು ಏಷ್ಯಾದಲ್ಲಿ ಕಡಿಮೆ ಮಕ್ಕಳಿಗಾಗಿ ಕೆಲಸ ಮಾಡಿದರು ಎಂದು ಕೆಲವರು ವ್ಯಂಗ್ಯ ಮಾಡುತ್ತಾರೆ. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಎರಡು ಕಡೆಯೂ ಮಾತು ಒಂದೇ, ಬೇಕೆಂದಾಗ ಹುಟ್ಟುವ ಮಗು.

ಈಗ ಮಿರ್ಡಾಲರ ಸ್ವಂತ ತೊಟ್ಟಿಲಿಗೆ ಬರೋಣ.

ಅವರ ಹಿರಿಯ ಮಗ ಯಾನ್ ಹುಟ್ಟಿದ್ದು 1927ರಲ್ಲಿ. ಅವನಿಗೆ ಎರಡು ವರ್ಷವಾದಾಗ, 1929ರಲ್ಲಿ, ತಂದೆ ತಾಯಿ ರಾಕ್‌ಫೆಲರ್ ವೇತನದ ಮೇಲೆ ಅಮೆರಿಕಕ್ಕೆ ಹೋದರು. ಮಗು ತಂದೆಯ ತಂದೆ ತಾಯಿಯ ತೋಟದ ಮನೆಯಲ್ಲಿ ಉಳಿಯಿತು. ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಎಂ.ಎಸ್. ಮಾಡಲು, ಪ್ರಾಜೆಕ್ಟಿಗೆ ಹೋಗಲು ಮಗುವನ್ನು ಊರಿನಲ್ಲಿ ಅಜ್ಜಿಯ ಮಡಿಲಿಗೆ ಹಾಕಿ ವಿಮಾನ ಹತ್ತಿದವರು ನಮ್ಮಲ್ಲೂ ಎಷ್ಟೋ ಜನ. ಯಾನ್‌ಗೆ ಅಜ್ಜ ಅಜ್ಜಿಯ ಮನೆಯೇ ಮನೆಯಾಯಿತು. ವಾಪಸು ಬಂದ ತಂದೆ ತಾಯಿ ಅತಿಥಿಗಳಂತೆ ಕಂಡರು. ಆಮೇಲೂ ಅಗಲಿಕೆಗಳು ಮುಗಿಯಲಿಲ್ಲ. ಗುನ್ನಾರ್ ಅಮೆರಿಕದ ಕರಿಯರ ಸ್ಥಿತಿಯ ಬಗ್ಗೆ ದೊಡ್ಡ ಅಧ್ಯಯನ ಮಾಡುತ್ತಿದ್ದಾಗ, 1941ರ ಯುದ್ಧದ ನಡುವೆ, ಆಲ್ವಾ ಮೂವರು ಮಕ್ಕಳನ್ನೂ ಸ್ವೀಡನ್ನಿನಲ್ಲೇ ಬಿಟ್ಟು ಗಂಡನ ಬಳಿಗೆ ಹೋದರು. ಸಿಸ್ಸೆಲಾಗೆ ಆಗ ಆರು, ಕಿರಿಯವಳು ಕಾಯ್‌ಗೆ ಐದು. ದೇಶದ ಮಕ್ಕಳನ್ನೆಲ್ಲ ಹೇಗೆ ಬೆಳೆಸಬೇಕೆಂದು ಹೇಳಿಕೊಟ್ಟ ತಾಯಿ.

1982ರಲ್ಲಿ ಯಾನ್ 'ಬಾಲ್ಯ' ಎಂಬ ಪುಸ್ತಕ ಪ್ರಕಟಿಸಿದರು. ಅಷ್ಟರಲ್ಲಿ ಅವರು ಸ್ವೀಡನ್ನಿನ ಪ್ರಖರ ಎಡಪಂಥೀಯ ಲೇಖಕ. ಭಾರತದ ಬಗ್ಗೆಯೂ ಬರೆದರು. 2010ರಲ್ಲಿ ದಂಡಕಾರಣ್ಯದ ಮಾವೋವಾದಿಗಳ ನಡುವೆ ಓಡಾಡಿ ಬಂದು ಬರೆದದ್ದಕ್ಕೆ ಭಾರತ ಸರ್ಕಾರ ಮತ್ತೆ ಒಳಗೆ ಬಿಟ್ಟುಕೊಳ್ಳದಷ್ಟು ಪ್ರಖರ. 'ಬಾಲ್ಯ'ದಲ್ಲಿ ತಣ್ಣಗಿನ ಒಂದು ಮನೆಯನ್ನು, ಮಗುವನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ಗಮನಿಸುವ ತಾಯಿಯನ್ನು, ಅಣಕಿಸುವ ತಂದೆಯನ್ನು ಅವರು ಚಿತ್ರಿಸಿದರು. ಬೆಚ್ಚಗಿದ್ದದ್ದು ಅಜ್ಜ ಅಜ್ಜಿಯ ತೋಟ ಮಾತ್ರ. ಆಲ್ವಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಅದೇ ವರ್ಷ. ಎಂಬತ್ತರ ಆ ತಾಯಿ ಒಂದು ಕೈಯಲ್ಲಿ ಪ್ರಶಸ್ತಿಯನ್ನೂ ಇನ್ನೊಂದು ಕೈಯಲ್ಲಿ ಮಗನ ಪುಸ್ತಕವನ್ನೂ ಹಿಡಿಯಬೇಕಾಯಿತು. ತಾಯಿ ಮಗ ಮತ್ತೆ ಒಂದಾಗಲಿಲ್ಲ. ಆಲ್ವಾ 1986ರಲ್ಲಿ ತೀರಿಕೊಂಡರು, ಗುನ್ನಾರ್ 1987ರಲ್ಲಿ, ಯಾನ್ 2020ರಲ್ಲಿ.

ಹೆಣ್ಣುಮಕ್ಕಳಿಬ್ಬರೂ ಬರೆದರು. ಸಿಸ್ಸೆಲಾ ಬೊಕ್ ತಾಯಿಯ ಜೀವನ ಚರಿತ್ರೆ ಬರೆದರು. ಕಾಯ್ ಫೋಲ್ಸ್ಟರ್ 1992ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ಇಬ್ಬರಿಗೂ ತಾಯಿಯ ಮೇಲೆ ಅಣ್ಣನಿಗಿಂತ ಹೆಚ್ಚು ಕರುಣೆ ಇದೆ. ಎರಡು ದೋಣಿಯಲ್ಲಿ ಕಾಲಿಟ್ಟ ಹೆಂಗಸಿನ ಕಷ್ಟ ಅವರಿಗೆ ಅರ್ಥವಾಯಿತು, ಏಕೆಂದರೆ ಅವರೂ ಅದೇ ದೋಣಿಗಳನ್ನು ಹತ್ತಿದವರು. ಒಂದೇ ಮನೆ, ಮೂವರು ಮಕ್ಕಳು, ಬೇರೆ ಬೇರೆ ಬಾಲ್ಯ. ಯಾನ್ ಕೂಡ ತಂದೆಯಾದರು. ಎರಡು ಅಲ್ಪಾಯುಷಿ ದಾಂಪತ್ಯಗಳಿಂದ ಒಬ್ಬ ಮಗ, ಒಬ್ಬ ಮಗಳು. ಬಳಿಕ ಕಲಾವಿದೆ ಗುನ್ ಕೆಸ್ಲೆ ಅವರೊಡನೆ ಐವತ್ತು ವರ್ಷ ಬಾಳಿದರು, ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಇದನ್ನು ಅವರ ಬಾಲ್ಯದ ನೇರ ಫಲ ಎಂದು ಹೇಳುವ ಧೈರ್ಯ ನನಗಿಲ್ಲ. ಮನುಷ್ಯರು ಅಷ್ಟು ಸುಲಭದ ಲೆಕ್ಕಗಳಲ್ಲ. ಆದರೆ 'ಬೇಕಾದ ಮಗು' ಎಂಬ ಪದವನ್ನು ಒಂದು ದೇಶಕ್ಕೆ ಕಲಿಸಿದವರ ಮಗ, ತಾನು ಬೇಕಾದ ಮಗುವಾಗಿದ್ದೆನೆ ಎಂದು ಐವತ್ತೈದನೆಯ ವಯಸ್ಸಿನಲ್ಲೂ ಕೇಳುತ್ತಿದ್ದ ಎಂಬುದನ್ನು ಮರೆಯಲು ಆಗುವುದಿಲ್ಲ.

ಯಾನ್‌ಗಿಂತ ಕೆಲವು ತಿಂಗಳು ಮೊದಲು, 1926ರ ಡಿಸೆಂಬರಿನಲ್ಲಿ, ಇನ್ನೊಂದು ಸ್ವೀಡಿಷ್ ಮಗು ಕೋಪನ್‌ಹೇಗನ್ನಿನಲ್ಲಿ ಹುಟ್ಟಿತು. ತಾಯಿಗೆ ಹತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ತಂದೆಯ ಹೆಸರು ಹೇಳದೆ ಹೆರಬಹುದಾದ ಆಸ್ಪತ್ರೆ ಅಲ್ಲಿ ಮಾತ್ರ ಇದ್ದುದರಿಂದ ಹೋಗಿದ್ದಳು. ಮಗುವನ್ನು ಅಲ್ಲೇ ಸಾಕುತಾಯಿಯೊಬ್ಬಳ ಬಳಿ ಬಿಟ್ಟು, ಸ್ಟಾಕ್‌ಹೋಮಿನಲ್ಲಿ ಕಚೇರಿ ಕೆಲಸ ಮಾಡುತ್ತ, ದುಡ್ಡು ಕೂಡಿಸಿಕೊಂಡು ರೈಲು ಹತ್ತಿ ಮಗನನ್ನು ನೋಡಿ ಬರುತ್ತಿದ್ದಳು. ಆಕೆ ಆಸ್ಟ್ರಿಡ್ ಲಿಂಡ್‌ಗ್ರೆನ್. ಮುಂದೆ 1945ರಲ್ಲಿ 'ಪಿಪ್ಪಿ' ಬರೆದ ಅದೇ ಆಸ್ಟ್ರಿಡ್. ವಿಮ್ಮರ್‌ಬಿ ಬಳಿಯ ತೋಟದಲ್ಲಿ ಆಕೆಯ ಸ್ವಂತ ಬಾಲ್ಯ ಅಕ್ಕರೆಯದು, ಆಟದ್ದು. ಆ ತುಂಬಿದ ಬಾಲ್ಯವೂ ಮಗನನ್ನು ಬಿಟ್ಟಿದ್ದ ವರ್ಷಗಳ ಕೊರತೆಯೂ ಸೇರಿ ಆಕೆಯ ಪುಸ್ತಕಗಳಾದವು ಎಂದು ನನಗೆ ಅನ್ನಿಸುತ್ತದೆ. 1978ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪ್ರಶಸ್ತಿ ಸ್ವೀಕರಿಸುತ್ತ ಮಕ್ಕಳ ಮೇಲೆ ಕೈ ಎತ್ತುವುದರ ವಿರುದ್ಧ ಆಕೆ ಮಾತಾಡಿದರು. 1979ರಲ್ಲಿ ಸ್ವೀಡನ್, ತಂದೆ ತಾಯಿ ಕೂಡ ಮಕ್ಕಳನ್ನು ಹೊಡೆಯಬಾರದೆಂದು ಕಾನೂನು ಮಾಡಿದ ಜಗತ್ತಿನ ಮೊದಲ ದೇಶವಾಯಿತು. 'ಹೊಡೆದು ಬುದ್ಧಿ ಕಲಿಸದ ಮಗ' ಎಂದು ಗಾದೆಯ ದನಿಯಲ್ಲಿ ಮಾತಾಡುತ್ತ ಬೆಳೆದ ನಮಗೆ ಇಲ್ಲಿಗೆ ಬಂದ ಹೊಸತರಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ಕಾನೂನು ಬಹುಶಃ ಇದೇ!

ಹಾಗಾದರೆ ಬೆಳೆದ ಮನೆಗೂ ಮಕ್ಕಳ ಆಸೆಗೂ ನಂಟಿದೆ ಎಂದು ಲೆಕ್ಕ ಇಟ್ಟು ಹೇಳಬಹುದೇ? ಸ್ವೀಡನ್ನಿನಲ್ಲಿ ಹೇಳಬಹುದು. ಇಲ್ಲಿ ಜನಗಣತಿಯ ಪಟ್ಟಿಗಳು 1749ರಿಂದ ಇವೆ. 1932ರಿಂದೀಚೆಗೆ ಹುಟ್ಟಿದವರ ತಂದೆ ತಾಯಿ ಯಾರೆಂದು ಜೋಡಿಸುವ ಬಹುತಲೆಮಾರಿನ ದಾಖಲೆಯೂ ಇದೆ. ಅದನ್ನು ಜಾಲಾಡಿದ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಟಿನ್ ಕೊಲ್ಕ್ ಮೊದಲಾದ ಸಂಶೋಧಕರಿಗೆ, ಹೆಚ್ಚು ಒಡಹುಟ್ಟಿದವರಿರುವ ಮನೆಯಿಂದ ಬಂದವರಿಗೆ ಹೆಚ್ಚು ಮಕ್ಕಳಿರುವ ಒಲವು ಕಂಡಿದೆ. ನಂಟು ದೊಡ್ಡದಲ್ಲ, ಆದರೆ ಬಿಡದೆ ಕಾಣುತ್ತದೆ. ಅದೇ ವಿಶ್ವವಿದ್ಯಾಲಯದವರು 1999, 2003, 2009ರಲ್ಲಿ ಯುವಜನರ ಒಂದು ಗುಂಪನ್ನು ಹಿಂಬಾಲಿಸಿ ಮದುವೆ, ಮಕ್ಕಳು, ಕೆಲಸದ ಬಗ್ಗೆ ಕೇಳಿದರು. ಪೋಲೆಂಡ್ ಮತ್ತು ಟರ್ಕಿಯಿಂದ ಬಂದವರ ಮಕ್ಕಳನ್ನೂ ಸೇರಿಸಿಕೊಂಡರು. ಎರಡು ಮಕ್ಕಳು ಎಂಬ ಆದರ್ಶ ಇಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿದೆ ಎಂಬುದು ಇಂಥ ಅಧ್ಯಯನಗಳಲ್ಲ್ಲೆಲ್ಲ ಕಾಣುವ ಸಂಗತಿ.

ಎರಡು ಎಂಬ ಆ ಅಂಕಿ ನಮಗೂ ಗೊತ್ತಿರುವುದೇ. ನಮ್ಮ ಬಳಗದ ಬಹಳ ಜನ ಹುಟ್ಟಿದ್ದು ಬಸ್ಸಿನ ಬೆನ್ನಿನ ಮೇಲೆ ಕೆಂಪು ತ್ರಿಕೋನವೂ 'ನಾವಿಬ್ಬರು, ನಮಗಿಬ್ಬರು' ಎಂಬ ಘೋಷಣೆಯೂ ಇದ್ದ ಕಾಲದಲ್ಲಿ. ನಮ್ಮ ಅಪ್ಪ ಅಮ್ಮಂದಿರಿಗೆ ಅದು ಸರ್ಕಾರದ ಮಾತು. ಏಳೆಂಟು ಮಕ್ಕಳ ಮನೆಗಳಲ್ಲಿ ಬೆಳೆದಿದ್ದ ಅವರು ಅರೆಮನಸ್ಸಿನಿಂದ, ಆರತಿಗೊಬ್ಬಳು ಕೀರ್ತಿಗೊಬ್ಬ ಸಿಗುವವರೆಗೆ ಕಾದು, ಆಮೇಲೆ ನಿಲ್ಲಿಸಿದರು. ಅದೇ ಮಾತು ನಮ್ಮ ಪಾಲಿಗೆ ಸರ್ಕಾರದ್ದಾಗಿ ಉಳಿಯಲಿಲ್ಲ. ನಾವು ಬೆಳೆದ ಮನೆಯ ಆಕಾರವೇ ಅದಾಗಿತ್ತು. ಮಂಚದ ಮೇಲೆ ಇಬ್ಬರು, ಸ್ಕೂಟರಿನ ಮೇಲೆ ನಾಲ್ವರು. ನಮಗೂ ಎರಡೇ ಬೇಕು ಅನ್ನಿಸಿತು, ಯಾರೂ ಹೇಳದೆ. ಗೋಡೆಯ ಮೇಲಿನ ಘೋಷಣೆ ಒಂದು ತಲೆಮಾರು ಮನೆಯೊಳಗೆ ಇದ್ದು ಆಸೆಯಾಗಿ ಬದಲಾಗುತ್ತದೆ. ಸ್ವೀಡನ್ನಿನಲ್ಲೂ ಹೀಗೆಯೇ ಆಯಿತೆಂದು ನನ್ನ ಗ್ರಹಿಕೆ. 1974ರಲ್ಲಿ ತಾಯಿಯ ಹೆರಿಗೆ ರಜೆಯನ್ನು ತಂದೆ ತಾಯಿ ಇಬ್ಬರ ರಜೆಯಾಗಿ ಮಾಡಿದಾಗ ಅಪ್ಪಂದಿರು ತೆಗೆದುಕೊಂಡದ್ದು ಒಟ್ಟು ದಿನಗಳಲ್ಲಿ ಶೇಕಡಾ ಅರ್ಧ ಮಾತ್ರ. ಭಾರ ಎತ್ತುವ ಪೈಲ್ವಾನ 'ಹೋವಾ-ಹೋವಾ' ದಾಲ್‌ಗ್ರೆನ್ ಎಳೆಗೂಸನ್ನು ತೋಳಿನಲ್ಲಿ ಹಿಡಿದ ಪೋಸ್ಟರು ಊರೆಲ್ಲ ಅಂಟಿಸಿದರೂ ಜನ ನಕ್ಕರೇ ಹೊರತು ರಜೆ ಹಾಕಲಿಲ್ಲ. 1995ರಲ್ಲಿ ಒಂದು ತಿಂಗಳು ಅಪ್ಪನಿಗೇ ಮೀಸಲು, 2002ರಲ್ಲಿ ಎರಡು, 2016ರಲ್ಲಿ ಮೂರು. ಈಗ 480 ದಿನಗಳಲ್ಲಿ ಅಪ್ಪಂದಿರ ಪಾಲು ಸುಮಾರು ಶೇಕಡಾ 30. ಇವತ್ತು ಸ್ಟಾಕ್‌ಹೋಮಿನ ಉದ್ಯಾನದಲ್ಲಿ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ತಳ್ಳುಗಾಡಿ ಹಿಡಿದು ಓಡಾಡುವ ಯುವಕನ ಅಪ್ಪ ಡಯಾಪರ್ ಬದಲಿಸಿದ್ದವನು.

ಆದರೂ ತೊಟ್ಟಿಲುಗಳು ಖಾಲಿಯಾಗುತ್ತಿವೆ. 1990ರಲ್ಲಿ 2.1ಕ್ಕೆ ಏರಿದ್ದ ಅಂಕಿ 1999ಕ್ಕೆ 1.5ಕ್ಕೆ ಇಳಿದು, 2010ಕ್ಕೆ ಮತ್ತೆ ಎರಡರ ಹತ್ತಿರ ಬಂದು, 2024ಕ್ಕೆ 1.43 ಆಯಿತು. ಮಿರ್ಡಾಲರು ಬಿಕ್ಕಟ್ಟೆಂದು ಬೆಚ್ಚಿದ್ದಕ್ಕಿಂತ ಎಷ್ಟೋ ಕೆಳಗೆ. ಭತ್ಯೆ ಇದೆ, ರಜೆ ಇದೆ, ಅಗ್ಗದ ಶಿಶುವಿಹಾರ ಇದೆ. ಆಲ್ವಾ ಕೇಳಿದ್ದೆಲ್ಲ ಇದೆ. ಸಂಶೋಧಕರು ಹೇಳುವ ಪ್ರಕಾರ 2010ರ ನಂತರದ ಇಳಿತ ಹೆಚ್ಚಾಗಿ ಮೊದಲ ಮಗುವಿನದು. ಎರಡನೆಯದು, ಮೂರನೆಯದು ಬೇಡ ಎನ್ನುವುದಲ್ಲ, ಮೊದಲನೆಯದಕ್ಕೇ ಜನ ಕೈಹಾಕುತ್ತಿಲ್ಲ, ಇಲ್ಲವೇ ಮುಂದೂಡುತ್ತಿದ್ದಾರೆ. ಓದಿದವರು, ಓದದವರು, ಊರಿನವರು, ನಗರದವರು ಎಂಬ ಭೇದವಿಲ್ಲದೆ. ಇದಕ್ಕೆ ಮನೆ ಬೆಲೆ, ಹವಾಮಾನದ ಭಯ, ಫೋನು ಎಂದು ಹತ್ತು ಕಾರಣ ಹೇಳುತ್ತಾರೆ. ನನಗೆ ಕಾಣುವುದು ಇನ್ನೊಂದು. ಇಲ್ಲಿನ ಇಪ್ಪತ್ತೈದರ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಒಂದು ಎಳೆಗೂಸನ್ನು ಕೈಯಲ್ಲಿ ಎತ್ತಿಕೊಂಡವರಲ್ಲ. ಒಡಹುಟ್ಟಿದವರು ಒಂದೆರಡು ವರ್ಷ ಅಂತರದವರು, ಸೋದರತ್ತೆ ಚಿಕ್ಕಮ್ಮಂದಿರು ದೂರದ ಊರಿನವರು. ಮಗುವೆಂದರೆ ಅವರಿಗೆ ಚೆನ್ನಾಗಿ ಯೋಜಿಸಬೇಕಾದ ಒಂದು ದೊಡ್ಡ ಪ್ರಾಜೆಕ್ಟು. ನಮ್ಮ ಮಕ್ಕಳೂ ಇದೇ ಗಾಳಿಯಲ್ಲಿ ಬೆಳೆಯುತ್ತಿದ್ದಾರೆ. ಅದರ ಮೇಲೆ, ಅವರ ಅಪ್ಪ ಅಮ್ಮ ಅತ್ತ ಇತ್ತ ನೆಂಟರಿಲ್ಲದೆ ಇಬ್ಬರೇ ತೇಕುತ್ತ ಮಕ್ಕಳನ್ನು ಸಾಕಿದ್ದನ್ನು ಕಣ್ಣಾರೆ ನೋಡಿದ್ದಾರೆ. ಬಳಗದ ಸ್ನೇಹಿತರೊಬ್ಬರ ಮಗಳು, ಲುಂಡ್‌ನಲ್ಲಿ ಓದುತ್ತಿರುವವಳು, "ನೀವಿಬ್ಬರೂ ಯಾವಾಗಲೂ ಸುಸ್ತಾಗಿರ್ತಿದ್ರಿ ಆಂಟೀ, ಅದೇ ನೆನಪು" ಅಂದಳಂತೆ ತನ್ನ ತಾಯಿಯ ಗೆಳತಿಗೆ. ತಾಯಿಗೆ ನೇರ ಹೇಳಲಿಲ್ಲ, ಅಷ್ಟು ಕನ್ನಡದ ಸಂಕೋಚ ಇನ್ನೂ ಉಳಿದಿದೆ.

ತವರುಮನೆಯ ಬಾಣಂತನ ಇದ್ದದ್ದು ಬಾಣಂತಿಗೆ ಮಾತ್ರವಲ್ಲ. ಎಣ್ಣೆ ನೀರು, ಲೋಬಾನದ ಹೊಗೆ, ಕಾಲು ಚಾಚಿ ಕೂತು ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಮೀಯಿಸುವ ಅಜ್ಜಿ, ಬಾಗಿಲ ಬಳಿ ನಿಂತು ಎಲ್ಲ ನೋಡುವ ಮನೆಯ ಹುಡುಗ ಹುಡುಗಿಯರು. ಮಗು ಸಾಕುವುದು ನಾಲ್ಕು ಕೈಯ ಕೆಲಸ, ನಗುತ್ತ ಮಾಡಬಹುದಾದ ಕೆಲಸ ಎಂದು ಯಾರೂ ಪಾಠ ಮಾಡುತ್ತಿರಲಿಲ್ಲ. ಸ್ವೀಡನ್ ಕೂಡ ಈಗ ತಡವಾಗಿ ಅಜ್ಜಿಯನ್ನು ನೆನೆಸಿಕೊಂಡಿದೆ. 2024ರ ಜುಲೈ 1ರಿಂದ ತಂದೆ ತಾಯಿ ತಮ್ಮ ರಜೆಯಲ್ಲಿ ತಲಾ 45 ದಿನಗಳವರೆಗೆ ಅಜ್ಜ ಅಜ್ಜಿಗೋ ಸ್ನೇಹಿತರಿಗೋ ವರ್ಗಾಯಿಸಬಹುದು, ಅವರಿಗೂ ಭತ್ಯೆ ಸಿಗುತ್ತದೆ. ಆದರೆ ಪಡೆಯುವವರು ಸ್ವೀಡನ್ನಿನ ಸಾಮಾಜಿಕ ವಿಮೆಯ ಪಟ್ಟಿಯಲ್ಲಿರಬೇಕು. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಕೊಬ್ಬರಿ, ಖಾರದ ಪುಡಿ ತುಂಬಿಕೊಂಡು 90 ದಿನದ ವೀಸಾದ ಮೇಲೆ ಶಿವಮೊಗ್ಗದಿಂದಲೋ ಧಾರವಾಡದಿಂದಲೋ ಬಂದಿಳಿಯುವ ಅಜ್ಜಿ ಆ ಪಟ್ಟಿಯಲ್ಲಿಲ್ಲ. ತೊಂಬತ್ತನೆಯ ದಿನ ಆಕೆ ಆರ್ಲಾಂಡಾ ವಿಮಾನ ನಿಲ್ದಾಣದಲ್ಲಿ ಕೂಸನ್ನು ಮಗಳ ಕೈಗೆ ಕೊಡುವಾಗ ಪಕ್ಕದಲ್ಲಿ ನಾಲ್ಕು ವರ್ಷದ ಅಣ್ಣ ನಿಂತಿರುತ್ತಾನೆ. ಮೂರು ತಿಂಗಳು ಬಚ್ಚಲಮನೆಯ ಬಾಗಿಲಲ್ಲಿ ಕೂತು ಅವನು ಎಲ್ಲವನ್ನೂ ನೋಡಿದ್ದಾನೆ.